ಗಾಲಿಯ ಮೇಲಿನ ಬಿಡಾರ

ಮನೆಗೂ ಬಿಡಾರಕ್ಕೂ ಕನ್ನಡ ಬಲ್ಲವರು ಭೇದವೆಣಿಸುತ್ತಾರೆ. ಬೀಡು, ಬಿಡಾರ, ಬಿಡದಿ ಇವೆಲ್ಲವೂ ‘ಬಿಡು’ ಎಂಬ ಧಾತುವಿನ ಬಳಗ. ಎತ್ತಿನ ಕೊರಳು ಬಿಚ್ಚಿದಲ್ಲಿ, ಹೇರು ಇಳಿಸಿದಲ್ಲಿ, ಒಂದು ಇರುಳೋ ಒಂದು ತಿಂಗಳೋ ತಂಗುವ ಎಡೆ ಅದು. ಮನೆಯ ಮಾತೇ ಬೇರೆ. ಅದಕ್ಕೆ ತಳಹದಿಯುಂಟು, ಹೊಸ್ತಿಲುಂಟು, ಹಬ್ಬ ಬಂದಾಗ ತೋರಣ ಕಟ್ಟುವುದಕ್ಕೆ ಬಾಗಿಲವಾಡದಲ್ಲಿ ಹಳೆಯ ಮೊಳೆಯೂ ಉಂಟು. ಊರೂರು ಅಲೆದವನು ಕೂಡ ಹಬ್ಬದ ದಿನ ಬಂದು ಸೇರಬೇಕಾದದ್ದು ಅಲ್ಲಿಗೇ ಎಂಬುದು ನಮ್ಮ ನಂಬಿಕೆ. ನಮ್ಮದಷ್ಟೇ ಏಕೆ, ಕ್ರಿಸ್ಮಸ್ ಆಚರಿಸುವ ನಾಡುಗಳ ನಂಬಿಕೆಯೂ ಇದೇ. ಹಾಗಾದರೆ, ಇದ್ದ ಮನೆಯನ್ನು ಮಾರಿ, ಬಿಡಾರವನ್ನೇ ಮನೆಯೆಂದು ಕರೆದು, ಅದಕ್ಕೆ ಆರು ಗಾಲಿಗಳನ್ನು ಕೊಟ್ಟು ತಿರುಗುವ ಮುದುಕ ಮುದುಕಿಯರು ಹಬ್ಬದ ದಿನ ಎಲ್ಲಿಗೆ ಹೋಗುತ್ತಾರೆ? ಅಮೆರಿಕದಲ್ಲಿ ಅಂಥವರು ಬಹು ಮಂದಿ ಇದ್ದಾರೆ. ಅಂಥ ಒಂದು ಜೋಡಿಯನ್ನು 2023ರ ಡಿಸೆಂಬರಿನಲ್ಲಿ ಕಂಡು ಮಾತನಾಡಿಸುವ ಸಂದರ್ಭ ನನಗೆ ಒದಗಿತು.

ಮೊದಲು ಆ ವಾಹನದ ಮಾತು. ಅಲ್ಲಿಯವರು ಅದನ್ನು ಮೋಟಾರ್ ಹೋಮ್ ಎನ್ನುತ್ತಾರೆ. ನಮ್ಮ ಬಸ್ಸೊಂದರ ಆಸನಗಳನ್ನೆಲ್ಲ ಕಿತ್ತುಹಾಕಿ, ಅಲ್ಲಿ ಮಂಚ, ಒಲೆ, ಫ್ರಿಜ್ಜು, ಬಚ್ಚಲು, ಮೇಜು ಇವನ್ನು ಒಂದಕ್ಕೊಂದು ಒತ್ತಿ ಕೂಡಿಸಿದಂತೆ ಊಹಿಸಿಕೊಂಡರೆ ಸಾಕು. ದೊಡ್ಡವು 45 ಅಡಿ ಉದ್ದವಿರುತ್ತವೆ. ನಾನು ಹೊಕ್ಕು ನೋಡಿದ್ದು 30 ಅಡಿಯದು. ನಿಲ್ಲಿಸಿದ ಮೇಲೆ ಗುಂಡಿಯೊತ್ತಿದರೆ ಪಕ್ಕದ ಗೋಡೆಯೊಂದು ತನ್ನ ಸೋಫಾ ಸಮೇತ ಹೊರಕ್ಕೆ ಸರಿದು ನಡುಮನೆ ಅಗಲವಾಗುತ್ತದೆ. ಹೊರಡುವಾಗ ಮತ್ತೆ ಒಳಕ್ಕೆ. ಅಡಿಯಲ್ಲಿ ಮೂರು ತೊಟ್ಟಿಗಳು: ಒಂದು ಒಳ್ಳೆಯ ನೀರಿಗೆ, ಒಂದು ಮಿಂದ ಹಾಗೂ ಪಾತ್ರೆ ತೊಳೆದ ನೀರಿಗೆ, ಮೂರನೆಯದು ಕಕ್ಕಸಿಗೆ. ಕೊನೆಯ ಎರಡನ್ನು ಅದಕ್ಕೆಂದೇ ಇರುವ ಎಡೆಗೆ ಒಯ್ದು, ಕೊಳವೆ ಜೋಡಿಸಿ ಬರಿದು ಮಾಡಿಕೊಂಡು ಬರಬೇಕು. ಅಡುಗೆಗೆ ಗ್ಯಾಸು, ದೀಪಕ್ಕೆ ಚಾವಣಿಯ ಮೇಲಿನ ಸೌರ ಫಲಕಗಳು. ಇಷ್ಟು ಭಾರ ಹೊತ್ತ ಬಂಡಿ ಒಂದು ಲೀಟರ್ ಎಣ್ಣೆಗೆ ಮೂರು ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ಓಡುವುದಿಲ್ಲ. ಆದ್ದರಿಂದ ಹಾಲು ತರಕಾರಿ ತರುವ ಓಡಾಟಕ್ಕೆಂದು ಹಿಂದುಗಡೆ ಪುಟ್ಟ ಕಾರೊಂದನ್ನು, ಹಸುವಿನ ಹಿಂದೆ ಕರುವಿನಂತೆ, ಕಟ್ಟಿಕೊಂಡು ಹೋಗುತ್ತಾರೆ.

ಈ ಹವ್ಯಾಸ ನಿನ್ನೆ ಮೊನ್ನೆಯದಲ್ಲ. ‘ತಗಡಿನ ಡಬ್ಬಿಯ ಪ್ರವಾಸಿಗಳು’ ಎಂಬರ್ಥದ ಹೆಸರಿಟ್ಟುಕೊಂಡ ಸಂಘವೊಂದು 1919ರಷ್ಟು ಹಿಂದೆಯೇ ಫ್ಲಾರಿಡಾದ ಟ್ಯಾಂಪಾದಲ್ಲಿ ಹುಟ್ಟಿತ್ತು. ಅಯೋವಾ ಸಂಸ್ಥಾನದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನ ವಿನ್ನೆಬೇಗೋ ಕಂಪನಿ 1966ರಲ್ಲಿ ಮೋಟಾರ್ ಹೋಮುಗಳನ್ನು ತಯಾರಿಸತೊಡಗಿದ ಮೇಲೆ ನಡುವಣ ವರ್ಗದವರ ಕೈಗೂ ಇದು ಎಟುಕಿತು. ಅದಕ್ಕೆ ಮೊದಲೇ, 1960ರ ಸೆಪ್ಟೆಂಬರಿನಲ್ಲಿ, ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ತನ್ನ 58ನೆಯ ವಯಸ್ಸಿನಲ್ಲಿ ಲಾರಿಯ ಬೆನ್ನ ಮೇಲೊಂದು ಪುಟ್ಟ ಕೋಣೆಯನ್ನು ಕೂರಿಸಿಕೊಂಡು, ಚಾರ್ಲಿ ಎಂಬ ನಾಯಿಯೊಡನೆ ದೇಶ ನೋಡಲು ಹೊರಟಿದ್ದ. ಆ ಲಾರಿಗೆ ಡಾನ್ ಕ್ವಿಕ್ಸಾಟನ ಬಡಕಲು ಕುದುರೆಯ ಹೆಸರನ್ನಿಟ್ಟಿದ್ದನಂತೆ. 1962ರಲ್ಲಿ ಆ ಪ್ರವಾಸದ ಪುಸ್ತಕ ಹೊರಬಂತು. ಅದೇ ವರ್ಷ ನೊಬೆಲ್ ಪಾರಿತೋಷಕವೂ ಬಂತು. ಒಂದು ಸಣ್ಣ ಸಂಗತಿ ನನ್ನ ಗಮನ ಸೆಳೆಯಿತು. ನವೆಂಬರಿನ ಕೃತಜ್ಞತೆಯ ಹಬ್ಬ, ಅಂದರೆ ಥ್ಯಾಂಕ್ಸ್‌ಗಿವಿಂಗ್, ಹತ್ತಿರವಾದಾಗ ಈ ಅಲೆಮಾರಿಯೂ ತನ್ನ ಲಾರಿಯೊಳಗೆ ಒಂಟಿಯಾಗಿ ಉಣ್ಣಲಿಲ್ಲ. ಹೆಂಡತಿಯ ತವರು ಸೀಮೆಯಾದ ಟೆಕ್ಸಾಸಿನಲ್ಲಿ, ಅವಳೊಡನೆ, ನೆಂಟರಿಷ್ಟರ ನಡುವೆ ಹಬ್ಬ ಮಾಡಿದ. ಅಲ್ಲದೆ, ತಿರುಗಾಟ ಮುಗಿದ ಮೇಲೆ ಹೋಗಿ ಸೇರಲು ಅವನಿಗೆ ನ್ಯೂಯಾರ್ಕಿನಲ್ಲಿ ಮನೆಯಿತ್ತು. ನಾನು ಹೇಳಹೊರಟ ದಂಪತಿಗಳಿಗೆ ಅದಿಲ್ಲ.

ಅರಿಜೋನಾದ ಫೀನಿಕ್ಸ್ ನಗರದಲ್ಲಿ ನನ್ನ ಅಕ್ಕನ ಮಗಳಿದ್ದಾಳೆ. ಅವಳ ಗಂಡನೊಡನೆ ಕೆಲಸ ಮಾಡುವ ಅಮೆರಿಕನ್ ಗೆಳೆಯನೊಬ್ಬನ ತಂದೆತಾಯಿಯೇ ಇವರು. ಕ್ರಿಸ್ಮಸ್ಸಿಗೆ ಹಿಂದಿನ ಶನಿವಾರ ಆ ಗೆಳೆಯ ತಿಂಡಿ ತೀರ್ಥಗಳನ್ನು ಕಾರಿಗೆ ತುಂಬಿಕೊಂಡು ಅವರನ್ನು ನೋಡಲು ಹೊರಟಿದ್ದ. “ನೀವೂ ಬನ್ನಿ ಮಾವ, ಇಲ್ಲಿಯ ಅಂಗಡಿ ಬೀದಿಗಳನ್ನು ಎಷ್ಟು ದಿನ ನೋಡುತ್ತೀರಿ” ಎಂದು ಅಳಿಯ ನನ್ನನ್ನೂ ಹೊರಡಿಸಿದ. ಫೀನಿಕ್ಸಿನಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ, ಕ್ಯಾಲಿಫೋರ್ನಿಯಾದ ಗಡಿಗೆ ಹತ್ತಿರ, ಕ್ವಾರ್ಟ್‌ಸೈಟ್ ಎಂಬ ಊರಿದೆ. 2020ರ ಜನಗಣತಿಯಂತೆ ಅಲ್ಲಿ ನೆಲೆಸಿದವರು ಎರಡೂವರೆ ಸಾವಿರವೂ ಇಲ್ಲ. ಚಳಿಗಾಲ ಬಂತೆಂದರೆ ಉತ್ತರದ ಹಿಮಕ್ಕೆ ಹೆದರಿದ ಹಿರಿಯರು ಹಕ್ಕಿಗಳಂತೆ ಬಂದಿಳಿಯುತ್ತಾರೆ. ಋತುವಿಡೀ ಬಂದು ಹೋಗುವವರ ಲೆಕ್ಕ ಲಕ್ಷಗಳಲ್ಲಿ. ಸುತ್ತಲಿನ ಮರುಭೂಮಿ ಸರಕಾರದ್ದು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ತನಕ ಅಲ್ಲಿ ಬಿಡಾರ ಹೂಡಲು ಪರವಾನಗಿ ಕೊಡುತ್ತಾರೆ. ಬಹಳ ವರ್ಷ ಇಡೀ ಋತುವಿಗೆ ಅದರ ಶುಲ್ಕ 180 ಡಾಲರಿತ್ತು. ಕಲ್ಲು, ಕುರುಚಲು, ಆಳೆತ್ತರದ ಕಳ್ಳಿ, ಅವುಗಳ ನಡುವೆ ಕಣ್ಣು ಹರಿಯುವಷ್ಟು ದೂರ ಬಿಳಿಯ ಬಂಡಿಗಳು. ಯಾವುದೋ ದಂಡು ಬೀಡು ಬಿಟ್ಟಂತೆ ತೋರಿತು.

ಊರಿನ ಸ್ಮಶಾನದಲ್ಲಿ ಕಲ್ಲಿನ ಪಿರಮಿಡ್ಡೊಂದಿದೆ. ಅದರ ತುದಿಯಲ್ಲಿ ಲೋಹದ ಒಂಟೆ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಮರುಭೂಮಿಯ ಸಾಗಾಟಕ್ಕೆಂದು ಒಂಟೆಗಳನ್ನು ತರಿಸಿದಾಗ ಅವುಗಳೊಡನೆ ಬಂದ ಹಾಜಿ ಅಲಿ ಎಂಬಾತನ ಸಮಾಧಿ ಅದು. ಸೈನಿಕರ ನಾಲಗೆಯಲ್ಲಿ ಅವನ ಹೆಸರು ‘ಹೈ ಜಾಲಿ’ ಆಯಿತು. ಒಂಟೆಯ ಯೋಜನೆ ಬಿದ್ದುಹೋಯಿತು, ಅವನು ಮಾತ್ರ ಇಲ್ಲೇ ಉಳಿದು 1902ರಲ್ಲಿ ತೀರಿಕೊಂಡ. 1935ರಲ್ಲಿ ಈ ಗುರುತನ್ನು ನಿಲ್ಲಿಸಿದರು. ಅಲೆಮಾರಿಗಳ ಊರಿಗೆ ಇದಕ್ಕಿಂತ ತಕ್ಕ ಗ್ರಾಮದೇವತೆ ಸಿಕ್ಕಲಾರದು.

ಯಜಮಾನರಿಗೆ 74, ಆಕೆಗೆ 71. ಅವರು ಮಿನೆಸೋಟದ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಕಲಿಸಿದವರು. ಆಕೆ ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುತ್ತಿದ್ದವರು. ಜೀವಮಾನವೆಲ್ಲ ಅನ್ಯರ ವಿಳಾಸಗಳನ್ನು ಓದಿದ ಆಕೆಗೆ ಈಗ ಸ್ವಂತ ಬಾಗಿಲ ಸಂಖ್ಯೆಯಿಲ್ಲ. 2016ರಲ್ಲಿ ಮನೆ ಮಾರಿದರು. ಆದರೆ ವಿಳಾಸವಿಲ್ಲದವನಿಗೆ ವಾಹನದ ಪರವಾನಗಿ, ಮತದಾನದ ನೋಂದಣಿ ಎಲ್ಲವೂ ಕಷ್ಟ. ಇದಕ್ಕೂ ಒಂದು ಏರ್ಪಾಡಿದೆ. 1978ರಲ್ಲಿ ಇಂಥವರೇ ಆದ ದಂಪತಿಗಳು ‘ಎಸ್ಕೇಪೀಸ್’ ಎಂಬ ಬಳಗವೊಂದನ್ನು ಕಟ್ಟಿದರು. ತಪ್ಪಿಸಿಕೊಂಡವರು ಎಂದು ಅದರ ಅರ್ಥ. ಟೆಕ್ಸಾಸಿನ ಲಿವಿಂಗ್‌ಸ್ಟನ್ ಎಂಬ ಊರಿನಲ್ಲಿರುವ ಈ ಬಳಗದ ಕಚೇರಿಯೇ ಸದಸ್ಯರ ಅಂಚೆಯ ವಿಳಾಸ. ಕಾಗದ ಅಲ್ಲಿಗೆ ಬಂದು, ಅವರು ಹೇಳಿದ ಊರಿಗೆ ಹಿಂಬಾಲಿಸಿಕೊಂಡು ಬರುತ್ತದೆ. “ಕ್ರಿಸ್ಮಸ್ ಕಾರ್ಡುಗಳನ್ನು ನಾವು ಜನವರಿಯಲ್ಲಿ ಓದುತ್ತೇವೆ, ಹಬ್ಬ ಸ್ವಲ್ಪ ಉದ್ದವಾಗುತ್ತದೆ, ಅಷ್ಟೆ” ಎಂದು ಆಕೆ ನಕ್ಕರು.

ಅವರ ವರ್ಷದ ಸುತ್ತು ಹೀಗಿದೆ. ಬೇಸಿಗೆ ಮಿನೆಸೋಟದಲ್ಲಿ, ಮಗಳ ಮನೆಯ ಹಿತ್ತಿಲಲ್ಲಿ. ಅಕ್ಟೋಬರಿನಲ್ಲಿ ಹಿಮ ಬೀಳುವ ಮುನ್ನ ದಕ್ಷಿಣಕ್ಕೆ ಪಯಣ. ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆದರೆ ಆ ಬಂಡಿ ವಾಸಕ್ಕೆ ಬಾರದು. ನವೆಂಬರಿನ ನಾಲ್ಕನೆಯ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ದಿನಕ್ಕೆ, ಫೀನಿಕ್ಸಿನ ಮಗನ ಮನೆ. ಇಲ್ಲಿಯೇ ತೊಡಕು ಮೊದಲಾಗುವುದು. ಮಗನಿರುವ ಬಡಾವಣೆಯಲ್ಲಿ ನಿವಾಸಿಗಳದೇ ಒಂದು ಸಂಘವಿದೆ. ಬೀದಿಯ ಅಂದ ಕೆಡುವುದೆಂದು ಇಂಥ ವಾಹನಗಳನ್ನು ಮೂರು ದಿನಕ್ಕಿಂತ ಹೆಚ್ಚು ನಿಲ್ಲಿಸಗೊಡದು. ಆ ದೇಶದಲ್ಲಿ ಎಷ್ಟೋ ಬಡಾವಣೆಗಳ ಕಟ್ಟಳೆ ಇದು. ಹೀಗಾಗಿ ಹೆತ್ತವರು ಬುಧವಾರ ಬಂದು ಶನಿವಾರ ಬೆಳಗ್ಗೆ ಗೋಡೆಯನ್ನು ಒಳಸೇರಿಸಿಕೊಂಡು ಹೊರಡಬೇಕು. ಒಳಗೆ ಬಂದು ಮಲಗಿ ಎಂದು ಸೊಸೆ ಕರೆಯುತ್ತಾಳೆ. ಆಕೆಗೆ ತನ್ನ ಹಾಸಿಗೆಯಲ್ಲದೆ ನಿದ್ದೆ ಬಾರದು. ಹಬ್ಬದ ಟರ್ಕಿ ಕೋಳಿಯನ್ನು ಬೇಯಿಸುವುದು ಈಗ ಸೊಸೆಯೇ. ಬಂಡಿಯ ಒಲೆಯೊಳಗೆ ಅದರ ಕಾಲು ಕೂಡ ಹಿಡಿಸುವುದಿಲ್ಲ. “ನಲವತ್ತು ವರ್ಷ ಎಲ್ಲರೂ ನನ್ನ ಮೇಜಿಗೆ ಬಂದರು. ಈಗ ಸೌಟು ಯಾವ ಸೆಳೆಪೆಟ್ಟಿಗೆಯಲ್ಲಿದೆಯೆಂದು ನಾನು ಕೇಳಿ ತಿಳಿಯಬೇಕು” ಎಂದರು ಆಕೆ. ಈ ಮಾತಿಗೆ ಅವರು ನಗಲಿಲ್ಲ.

ಕ್ರಿಸ್ಮಸ್ಸಿನ ಸಲಕರಣೆಗಳನ್ನು ನನಗೆ ತೋರಿಸಿದರು. ಒಂದಡಿ ಎತ್ತರದ ಕೃತಕ ಮರ. ಚಿಕ್ಕ ಪೆಟ್ಟಿಗೆಯಲ್ಲಿ ಹನ್ನೊಂದು ಗಾಜಿನ ಒಡವೆಗಳು. ಮನೆ ಮಾರಿದಾಗ ಮೂರು ದೊಡ್ಡ ಪೆಟ್ಟಿಗೆಗಳಷ್ಟಿದ್ದುವಂತೆ. ಈ ಹನ್ನೊಂದನ್ನು ಆರಿಸಿಕೊಳ್ಳಲು ಆಕೆಗೆ ಎರಡು ದಿನ ಹಿಡಿಯಿತು; ಮಿಕ್ಕವು ಮಗಳ ಪಾಲಾದುವು. ಬಂಡಿಯ ಬಾಳಿಗೆ ಒಂದು ನಿಯಮವಿದೆ: ಹೊಸ ವಸ್ತುವೊಂದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು. ಆದ್ದರಿಂದ ಮಕ್ಕಳು ಇವರಿಗೆ ಕೊಡುವ ಉಡುಗೊರೆಯೆಲ್ಲ ತಿಂದು ಮುಗಿಸುವಂಥದು. ಕೊಡುಗೆಯ ಹೆಸರಿನಲ್ಲಿ ಮನೆಯನ್ನು ಸಾಮಾನಿನಿಂದ ತುಂಬಿಸುವ ಆ ದೇಶದಲ್ಲಿ ಇದು ಸಣ್ಣ ತಪಸ್ಸಲ್ಲ. ಹಬ್ಬದ ದಿನ ನೆರೆಯ ಬಂಡಿಗಳವರು ಒಂದೊಂದು ಭಕ್ಷ್ಯ ಮಾಡಿ ತಂದು, ಮಡಚುವ ಕುರ್ಚಿಗಳನ್ನು ಬೆಂಕಿಯ ಸುತ್ತ ಇಟ್ಟು ಕೂಡಿ ಉಣ್ಣುತ್ತಾರಂತೆ. ಕೆಲವರು ಕಳ್ಳಿಗಳಿಗೇ ದೀಪದ ಸರ ಸುತ್ತಿದ್ದರು. ಹಗಲು ಹಿತವಾದ ಬಿಸಿಲು, ಇರುಳು ಕೈಕಾಲು ಮರಗಟ್ಟುವ ಚಳಿ.

ಬಳಸಿ ನೋಡಿದರೆ ಆ ಬೀಡಿನಲ್ಲೂ ಕೇರಿಗಳಿವೆ. ಹಳೆಯ ವ್ಯಾನಿನಲ್ಲಿ ಹಾಸಿಗೆ ಹಾಕಿಕೊಂಡು ಒಂಟಿಯಾಗಿ ಬಾಳುವ ಹೆಂಗಸೊಬ್ಬಳನ್ನು ಆಕೆ ನನಗೆ ತೋರಿಸಿದರು. ಅವಳು ಹಬ್ಬದ ತಿಂಗಳುಗಳಲ್ಲಿ ದಾಸ್ತಾನು ಮಳಿಗೆಯೊಂದರಲ್ಲಿ ಹತ್ತು ತಾಸು ನಿಂತು ದುಡಿದು ಬಂದವಳು. 2008ರ ಹಣಕಾಸಿನ ಕುಸಿತದಲ್ಲಿ ಮನೆ, ಉಳಿತಾಯ ಕಳೆದುಕೊಂಡು ಗಾಲಿಯನ್ನು ನೆಚ್ಚಿದ ಇಂಥ ವೃದ್ಧರ ಬಾಳನ್ನು ಜೆಸಿಕಾ ಬ್ರೂಡರ್ ಎಂಬ ಲೇಖಕಿ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕದಲ್ಲಿ ಬರೆದಳು. 2020ರಲ್ಲಿ ಅದರಿಂದ ಚಲನಚಿತ್ರವಾಗಿ, 2021ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆಯಿತು. ಹಬ್ಬದ ಗಿರಾಕಿಯ ಹೊತ್ತಿಗೆ ಅಮೆಜಾನ್ ಕಂಪನಿ ಇಂಥವರನ್ನೇ ಕರೆದು, ಬಂಡಿ ನಿಲ್ಲಿಸಲು ಸ್ಥಳದ ಬಾಡಿಗೆಯನ್ನೂ ಕೊಟ್ಟು ದುಡಿಸಿಕೊಳ್ಳುತ್ತಿದ್ದ ‘ಕ್ಯಾಂಪರ್‌ಫೋರ್ಸ್’ ಎಂಬ ಏರ್ಪಾಡಿನ ವೃತ್ತಾಂತವೂ ಅದರಲ್ಲಿದೆ. ಆ ಏರ್ಪಾಡು ಈಗಿಲ್ಲ. ಇಚ್ಛೆಯಿಂದ ಮನೆ ಬಿಟ್ಟವರನ್ನೂ ಮನೆ ಕೈಬಿಟ್ಟವರನ್ನೂ ದೂರದಿಂದ ಬೇರೆ ಮಾಡಿ ಗುರುತಿಸುವುದು ಕಷ್ಟ. ಹಬ್ಬದ ಊಟಕ್ಕೆ ಆ ಒಂಟಿ ಹೆಂಗಸನ್ನೂ ಕರೆದಿದ್ದರು. ಅವಳು ಬರುವ ಭರವಸೆ ಆಕೆಗಿರಲಿಲ್ಲ.

ಮಗ ಅಳಿಯಂದಿರು ಆಚೆ ಕಟ್ಟಿಗೆ ಒಟ್ಟುತ್ತಿದ್ದಾಗ ಯಜಮಾನರು ಭೂಪಟವೊಂದನ್ನು ಬಿಡಿಸಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನೋಡತೊಡಗಿದರು. ಬಲಗಣ್ಣಿನ ನಟ್ಟನಡುವೆ ಮಸುಕು. ನೇರವಾಗಿ ನೋಡಿದ್ದು ಕಾಣದು, ಅಂಚಿನಲ್ಲಿದ್ದದ್ದು ಕಾಣುತ್ತದೆ. ಪೊರೆಯಾದರೆ ಶಸ್ತ್ರಕ್ರಿಯೆಯಿಂದ ಹೋದೀತು. ಇದು ಅಕ್ಷಿಪಟಲದ ರೋಗ. ನಾಲ್ಕಾರು ವಾರಕ್ಕೊಮ್ಮೆ ಕಣ್ಣಿನೊಳಕ್ಕೇ ಚುಚ್ಚುಮದ್ದು ಕೊಡಬೇಕು, ಅದಕ್ಕೆ ಫೀನಿಕ್ಸಿಗೆ ಹೋಗಬೇಕು. ಹಿಂದಿನ ವರ್ಷಗಳಲ್ಲಿ ಕ್ರಿಸ್ಮಸ್ಸಿಗೆ ಬಂಡಿಯನ್ನು ಇಲ್ಲೇ ಬಿಟ್ಟು ವಿಮಾನದಲ್ಲಿ ಮಗಳ ಮನೆಗೆ ಹೋಗಿ ಬರುತ್ತಿದ್ದರು. ಈ ಸಲ ಅದೂ ಇಲ್ಲ. ಏಳು ವರ್ಷದ ತರುವಾಯ ಅವರನ್ನು ಒಂದೆಡೆ ಕಟ್ಟಿಹಾಕಿದ್ದು ಮನೆಯಲ್ಲ, ವೈದ್ಯರ ದಿನಚರಿ.

ಇನ್ನು ಬಂಡಿಯನ್ನು ಓಡಿಸುವವರು ಯಾರು? ಮಗನ ಅಭಿಪ್ರಾಯ ಸ್ಪಷ್ಟವಾಗಿತ್ತು. ಮಾರಿಬಿಟ್ಟು ಫೀನಿಕ್ಸಿನಲ್ಲಿ ಎರಡು ಕೋಣೆಯ ಮನೆ ಹಿಡಿಯಬೇಕು. ಊಟದ ನಡುವೆ ಅವನು ಆ ಮಾತನ್ನೆತ್ತಿದ. ಯಜಮಾನರು ಉಪ್ಪು ಕೇಳಿದರು. ಆಮೇಲೆ ನನ್ನೊಡನೆ, ನಾನೂ ಮೇಷ್ಟರೆಂಬ ಸಲಿಗೆಯಿಂದಲೋ ಏನೋ, ಹೇಳಿದರು: ಲಿವಿಂಗ್‌ಸ್ಟನ್ನಿನಲ್ಲಿ ಅದೇ ಬಳಗದವರು ಒಂದು ಆಶ್ರಯವನ್ನು ಕಟ್ಟಿದ್ದಾರೆ. ಇನ್ನು ಓಡಿಸಲಾರದವರು ತಮ್ಮ ಬಂಡಿಯನ್ನು ಅಲ್ಲಿ ನಿಲ್ಲಿಸಿ ಅದರಲ್ಲೇ ವಾಸಿಸಬಹುದು. ಊಟ, ವೈದ್ಯರಲ್ಲಿಗೆ ಕರೆದೊಯ್ಯುವ ವ್ಯವಸ್ಥೆ ಅವರದು. “ಒಮ್ಮೆ ನೋಡಿ ಬಂದೆ. ಒಳ್ಳೆಯ ಜಾಗ. ಅಲ್ಲಿ ನಿಂತ ಬಂಡಿಗಳ ಗಾಲಿಯ ಸುತ್ತ ಹುಲ್ಲು ಬೆಳೆದಿದೆ” ಎಂದರು.

ಆಕೆಯ ಯೋಚನೆ ಬೇರೆಯೇ ಆಗಿತ್ತು. ಮದುವೆಯಾದಂದಿನಿಂದ ಕಾರನ್ನಷ್ಟೇ ಓಡಿಸಿದ್ದ ಆಕೆ, ಅಕ್ಟೋಬರಿನಿಂದ ದಿನವೂ ನಸುಕಿನಲ್ಲಿ, ಮರುಭೂಮಿಯ ಬರಿದಾದ ರಸ್ತೆಯಲ್ಲಿ 30 ಅಡಿಯ ಆ ಬಂಡಿಯನ್ನು ಓಡಿಸಲು ಕಲಿಯುತ್ತಿದ್ದರು. ಮುಂದೆ ಹೋಗುವುದು ಸುಲಭ, ಹಿಂದಕ್ಕೆ ತರುವುದೇ ಕಷ್ಟವಂತೆ; ಹಿಂದಕ್ಕೆ ಬರುವಾಗ ಯಜಮಾನರು ಇಳಿದು ನಿಂತು ಕೈಸನ್ನೆ ಮಾಡಬೇಕು. ಮಗನಿಗೆ ಇದನ್ನು ಇನ್ನೂ ತಿಳಿಸಿರಲಿಲ್ಲ. ನಾನು ಹೊರಡುವಾಗ ಒಂದು ಸಣ್ಣ ಡಬ್ಬಿಯಲ್ಲಿ ಬಿಸ್ಕತ್ತುಗಳನ್ನು ಕೊಟ್ಟರು. ಅವರ ಒಲೆಯಲ್ಲಿ ಒಂದು ಸಲಕ್ಕೆ ಎಂಟೇ ಬೇಯುತ್ತವೆ.

ನಾನು ಊರಿಗೆ ಮರಳಿದ ಮೇಲೆ, 2024ರ ಮೇ ತಿಂಗಳಲ್ಲಿ, ಅಳಿಯನ ಕಾಗದದಿಂದ ತಿಳಿಯಿತು. ಎರಡು ಚುಚ್ಚುಮದ್ದುಗಳ ನಡುವಣ ಅವಧಿಯಲ್ಲಿ ಅವರು ಮಿನೆಸೋಟ ತಲಪಿದ್ದರು. ಓಡಿಸಿದ್ದು ಆಕೆ, ದಿನಕ್ಕೆ ನೂರು ಮೈಲಿ ಮೀರದಂತೆ, ಹಗಲಿನಲ್ಲಿ ಮಾತ್ರ. ಮೂರು ವಾರ ಹಿಡಿಯಿತು. ಮಗ ಒಂದು ತಿಂಗಳು ಅವರೊಡನೆ ಮಾತು ಬಿಟ್ಟಿದ್ದನಂತೆ. ಈಗ ತನ್ನ ಬಡಾವಣೆಯ ಸಂಘಕ್ಕೆ ಅರ್ಜಿ ಬರೆಯುತ್ತಿದ್ದಾನೆ: ಬರುವ ನವೆಂಬರಿನಲ್ಲಿ ಹೆತ್ತವರ ವಾಹನಕ್ಕೆ ಮೂರು ದಿನದ ಬದಲು ಹತ್ತು ದಿನದ ಅನುಮತಿ ಬೇಕೆಂದು.