ಪೀಣ್ಯದ ಪಕ್ಕದಲ್ಲಿ ಮನೆ ಮಾಡಬಹುದೇ?

ಪ್ರಶ್ನೆ: ಬೆಂಗಳೂರಿನ ಟಿ. ದಾಸರಹಳ್ಳಿ ಕಡೆ ಬಾಡಿಗೆ ನಮ್ಮ ಕೈಗೆಟುಕುವಂತಿದೆ. ಆದರೆ ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ. ಸಂಸಾರಕ್ಕೆ ಆದೀತೇ?

ಉತ್ತರ: ಆದೀತು. ಆದರೆ ಮನೆ ನೋಡಲು ಹೋದಾಗ ಹಾಲ್‌ಗಿಂತ ಮೊದಲು ಸಂಪ್ ನೋಡಿ. ಕಾವೇರಿ ನೀರು ವಾರಕ್ಕೆಷ್ಟು ಸಲ ಬರುತ್ತದೆ, ಉಳಿದ ದಿನ ಬೋರ್‌ವೆಲ್ಲೋ ಟ್ಯಾಂಕರೋ ಎಂದು ಓನರನ್ನಲ್ಲ, ಕೆಳಗಿನ ಮನೆಯ ಬಾಡಿಗೆಯವರನ್ನು ಕೇಳಿ. ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷಕಾರಿ ಲೋಹಾಂಶ ಪತ್ತೆಯಾಗಿದೆ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ತ್ಯಾಜ್ಯ ಅದರ ಮುಖ್ಯ ಮೂಲ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಬತ್ತಿದಷ್ಟೂ ಸಾಂದ್ರವಾಗುತ್ತದೆ ಅಷ್ಟೇ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂಗೆ ಬಿಐಎಸ್ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಬೋರ್‌ವೆಲ್ ನೀರೇ ಗತಿಯಾದರೆ ಮೊದಲು ಒಂದು ಬಾಟಲಿ ಲ್ಯಾಬಿಗೆ ಕೊಡಿ, ಆಮೇಲೆ ಅಡ್ವಾನ್ಸ್.

ಓಡಾಟದ ಚಿಂತೆ ಬೇಡ. ಮೆಟ್ರೋ 2014ರಲ್ಲಿ ಪೀಣ್ಯಕ್ಕೆ, 2015ರಲ್ಲಿ ದಾಸರಹಳ್ಳಿ ದಾಟಿ ನಾಗಸಂದ್ರಕ್ಕೆ ಬಂತು. ಮೆಜೆಸ್ಟಿಕ್‌ಗೆ ನೇರ ರೈಲು.

ಗಾಳಿ, ಸದ್ದು ಮಾತ್ರ ಬೀದಿಯಿಂದ ಬೀದಿಗೆ ಬೇರೆ. ರಾತ್ರಿ ಹತ್ತರ ಮೇಲೆ ಒಮ್ಮೆ ಹೋಗಿ ನಿಲ್ಲಿ. ಪ್ರೆಸ್ ಮೆಷಿನ್ನಿನ ಕುಟ್ಟಾಟ ಅಂಗಾಲಿಗೆ ತಾಗುತ್ತದೆಯೇ, ಕಿಟಕಿ ಸರಳಿನ ಮೇಲೆ ಬೆರಳಾಡಿಸಿದರೆ ಮಸಿ ಹತ್ತುತ್ತದೆಯೇ ನೋಡಿ. ನನ್ನನ್ನು ಕೇಳಿದರೆ, ಕಾವೇರಿ ಸಂಪರ್ಕವಿರುವ ಮನೆಗೆ ಬಾಡಿಗೆ ತುಸು ಹೆಚ್ಚಾದರೂ ಹಿಂಜರಿಯಬೇಡಿ. ಟ್ಯಾಂಕರಿನವರಿಗೆ ಕೊಡುವ ದುಡ್ಡು ಉಳಿಯುತ್ತದಲ್ಲ!