ಮಾನಸಿಕ ಆಘಾತಕ್ಕೊಳಗಾದ ಮಕ್ಕಳ ಶಿಕ್ಷಣ: ಶಾಲಾ ಮುಖ್ಯಸ್ಥರ ತರಬೇತಿ

ಪೀಠಿಕೆ

2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗು ಜಿಲ್ಲೆಯಲ್ಲಿ ಸಂಭವಿಸಿದ ಭೂಕುಸಿತದಿಂದ ಅನೇಕ ಕುಟುಂಬಗಳು ಮನೆ ಕಳೆದುಕೊಂಡು ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆದವು. 2019ರಲ್ಲಿ ಕೃಷ್ಣಾ ಹಾಗೂ ಮಲಪ್ರಭಾ ನದಿ ತೀರದ ಗ್ರಾಮಗಳು ಜಲಾವೃತಗೊಂಡವು. ಕೋವಿಡ್-19ರಿಂದ ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಮಕ್ಕಳೂ ಇದ್ದಾರೆ. ಇಂತಹ ಮಕ್ಕಳು ಶಾಲೆಗೆ ಮರಳಿದಾಗ ಅವರಲ್ಲಿ ಪಾಠದ ಕಡೆ ಗಮನವಿಲ್ಲದಿರುವುದು, ಮೌನ, ಹಠಾತ್ ಕೋಪ ಹಾಗೂ ಪದೇ ಪದೇ ಗೈರುಹಾಜರಿ ಕಂಡುಬರಬಹುದು. ಇವುಗಳನ್ನು ಅಶಿಸ್ತು ಎಂದು ಪರಿಗಣಿಸದೆ, ಭಯ ಮತ್ತು ದುಃಖದ ಲಕ್ಷಣಗಳಾಗಿರಬಹುದೆಂದು ಅರಿತು ವರ್ತಿಸುವುದೇ ಆಘಾತ-ಸಂವೇದಿ ಶಿಕ್ಷಣ ಪದ್ಧತಿ.

ಮುಖ್ಯಸ್ಥರಿಗೆ ತರಬೇತಿ ಏಕೆ?

ದಾಖಲಾತಿ, ಹಾಜರಾತಿ, ಶಿಸ್ತು ಕ್ರಮ ಹಾಗೂ ಪ್ರಮಾಣ ಪತ್ರಗಳ ವಿತರಣೆ ಮುಖ್ಯ ಶಿಕ್ಷಕರ ತೀರ್ಮಾನಕ್ಕೆ ಒಳಪಟ್ಟ ವಿಷಯಗಳು. ಪ್ರವಾಹದಲ್ಲಿ ದಾಖಲೆಗಳನ್ನು ಕಳೆದುಕೊಂಡ ಮಗುವನ್ನು ಕಚೇರಿಯ ಬಾಗಿಲಿನಿಂದಲೇ ಹಿಂದಿರುಗಿಸಿದಲ್ಲಿ, ತರಗತಿ ಶಿಕ್ಷಕರ ಸಹಾನುಭೂತಿ ಆ ಮಗುವನ್ನು ತಲುಪುವುದೇ ಇಲ್ಲ. ಆದ್ದರಿಂದ ತರಬೇತಿಯು ಮುಖ್ಯಸ್ಥರಿಂದ ಆರಂಭವಾಗುವುದು ಅವಶ್ಯಕ.

ತರಬೇತಿಯ ಮುಖ್ಯ ಅಂಶಗಳು

1. ಮಾನಸಿಕ ಪ್ರಥಮ ಚಿಕಿತ್ಸೆ: ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಕೈಪಿಡಿಯಂತೆ ಗಮನಿಸುವುದು, ಆಲಿಸುವುದು ಮತ್ತು ಸೂಕ್ತ ನೆರವಿನೊಂದಿಗೆ ಸಂಪರ್ಕ ಕಲ್ಪಿಸುವುದು. ನಡೆದ ಘಟನೆಯನ್ನು ವಿವರಿಸುವಂತೆ ಮಗುವನ್ನು ಒತ್ತಾಯಿಸತಕ್ಕದ್ದಲ್ಲ.

2. ಸ್ಥಿರ ದಿನಚರಿ: ವೇಳಾಪಟ್ಟಿಯನ್ನು ಕ್ರಮಬದ್ಧವಾಗಿ ಪಾಲಿಸುವುದು; ಬದಲಾವಣೆಗಳನ್ನು ಮಕ್ಕಳಿಗೆ ಮುಂಚಿತವಾಗಿ ತಿಳಿಸುವುದು.

3. ಘನತೆಯ ರಕ್ಷಣೆ: ಪ್ರಾರ್ಥನಾ ಸಭೆಯಲ್ಲಿ ಅಥವಾ ತರಗತಿಯಲ್ಲಿ ಮಗುವನ್ನು "ಅನಾಥ", "ಸಂತ್ರಸ್ತ" ಎಂದು ಕರೆಯದಿರುವುದು.

4. ಶಿಕ್ಷೆಯ ನಿಷೇಧ: ಶಿಕ್ಷಣ ಹಕ್ಕು ಕಾಯ್ದೆ 2009ರ ಕಲಂ 17ರ ಪ್ರಕಾರ ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳ ನಿಷಿದ್ಧ.

5. ಕಡ್ಡಾಯ ವರದಿ: ಲೈಂಗಿಕ ದೌರ್ಜನ್ಯದ ವಿಷಯ ತಿಳಿದುಬಂದಲ್ಲಿ ಪೋಕ್ಸೋ ಕಾಯ್ದೆ 2012ರ ಅನ್ವಯ ಪೊಲೀಸರಿಗೆ ತಿಳಿಸುವುದು.

ಈ ತರಬೇತಿಯು ಮುಖ್ಯ ಶಿಕ್ಷಕರನ್ನು ವೈದ್ಯರನ್ನಾಗಿಸುವುದಿಲ್ಲ. ಲಕ್ಷಣಗಳು ವಾರಗಟ್ಟಲೆ ಮುಂದುವರಿದಲ್ಲಿ ಪೋಷಕರೊಂದಿಗೆ ಸಮಾಲೋಚಿಸಿ ಮಗುವನ್ನು ತಜ್ಞರಲ್ಲಿಗೆ ಕಳುಹಿಸುವುದು ಅವರ ಹೊಣೆ.

ಪೋಷಕರ ಗಮನಕ್ಕೆ

• 1ರಿಂದ 8ನೇ ತರಗತಿಯವರೆಗೆ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ (ಕಲಂ 14).

• ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಬಯಸುವ ಮಗುವಿನ ವರ್ಗಾವಣೆ ಪ್ರಮಾಣ ಪತ್ರ ಬರುವುದು ತಡವಾದರೂ ಪ್ರವೇಶವನ್ನು ತಡೆಹಿಡಿಯುವಂತಿಲ್ಲ (ಕಲಂ 5).

• ಮಗುವಿನ ಮನೆಯಲ್ಲಿ ಸಂಭವಿಸಿದ ಸಾವು, ಸ್ಥಳಾಂತರ ಮೊದಲಾದ ವಿಷಯಗಳನ್ನು ಮುಖ್ಯ ಶಿಕ್ಷಕರಿಗೆ ಖಾಸಗಿಯಾಗಿ ತಿಳಿಸಬಹುದು. ಯಾವ ಶಿಕ್ಷಕರಿಗೆ ಮಾತ್ರ ತಿಳಿದಿರಬೇಕೆಂಬುದನ್ನೂ ಸೂಚಿಸಬಹುದು.

• ಪ್ರವೇಶ ನಿರಾಕರಣೆ ಅಥವಾ ಶಿಕ್ಷೆಯ ಬಗ್ಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯುವುದು.

ಉಚಿತ ದೂರವಾಣಿ ನೆರವು

ಮಕ್ಕಳ ಸಹಾಯವಾಣಿ: 1098
ಟೆಲಿ-ಮಾನಸ್ (ಮಾನಸಿಕ ಆರೋಗ್ಯ, ಕನ್ನಡದಲ್ಲಿಯೂ ಲಭ್ಯ): 14416

ಈ ಎರಡೂ ಸೇವೆಗಳು ದಿನದ 24 ಗಂಟೆಯೂ ಲಭ್ಯವಿರುತ್ತವೆ.