ಧಾರಾವಾಹಿಯ ಜಾಡು ಹಿಡಿದ ಕ್ಯಾಮೆರಾ

ದಕ್ಷಿಣ ಕೊರಿಯಾದ ಟಿವಿ ಧಾರಾವಾಹಿಗೆ ಮುಗಿಯುವ ಗುಣವಿದೆ. ಸಾಮಾನ್ಯವಾಗಿ 16 ಕಂತು, ಒಂದೊಂದೂ ಒಂದು ಗಂಟೆಯ ಆಸುಪಾಸು, ವಾರಕ್ಕೆ ಎರಡರಂತೆ ಎರಡು ತಿಂಗಳಲ್ಲಿ ಕಥೆ ಪೂರ್ತಿ. ವರ್ಷಗಟ್ಟಲೆ ಒಂದೇ ಮನೆಯ ಹಜಾರದಲ್ಲಿ ಅತ್ತೆ-ಸೊಸೆಯರನ್ನು ನೋಡಿ ಪಳಗಿದವರಿಗೆ ಅಲ್ಲಿನ ಇನ್ನೊಂದು ಸಂಗತಿಯೂ ಹೊಸದಾಗಿ ಕಾಣುತ್ತದೆ: ಕಥೆ ಮನೆಯಿಂದಾಚೆ ಧಾರಾಳವಾಗಿ ಓಡಾಡುತ್ತದೆ. ಕಡಲದಂಡೆ, ಗುಡ್ಡದ ಓಣಿ, ಹಿಮ ಬಿದ್ದ ರಸ್ತೆ ಎಲ್ಲಕ್ಕೂ ಅಲ್ಲಿ ಪಾತ್ರವಿದೆ. ಹಾಗಾಗಿಯೇ ಈ ಧಾರಾವಾಹಿಗಳ ಅಭಿಮಾನಿಗಳಲ್ಲಿ ಅನೇಕರು ಕಡೆಗೆ ಕ್ಯಾಮೆರಾ ಹೆಗಲಿಗೇರಿಸಿ ಆ ಜಾಗಗಳನ್ನೇ ಹುಡುಕಿಕೊಂಡು ಹೊರಡುತ್ತಾರೆ.

ಈ ಪರಿಪಾಠಕ್ಕೆ ದೊಡ್ಡ ಮಟ್ಟದಲ್ಲಿ ನಾಂದಿ ಹಾಡಿದ್ದು 2002ರಲ್ಲಿ ಕೆಬಿಎಸ್ ವಾಹಿನಿಯಲ್ಲಿ ಬಂದ ‘ವಿಂಟರ್ ಸೊನಾಟಾ’. ನಿರ್ದೇಶಕ ಯೂನ್ ಸೊಕ್-ಹೊ ನಾಲ್ಕು ಋತುಗಳಿಗೆ ಒಂದೊಂದರಂತೆ ಮಾಡಿದ ನಾಲ್ಕು ಪ್ರೇಮಕಥೆಗಳಲ್ಲಿ ಇದು ಚಳಿಗಾಲದ್ದು. ಮರುವರ್ಷ ಜಪಾನಿನ ಎನ್‌ಎಚ್‌ಕೆ ಇದನ್ನು ಪ್ರಸಾರ ಮಾಡಿತು. ನಾಯಕ ಬೇ ಯಾಂಗ್-ಜುನ್ ಜಪಾನಿನ ನಡುವಯಸ್ಸಿನ ಹೆಂಗಸರ ಆರಾಧ್ಯದೈವವಾದ. 2004ರಲ್ಲಿ ಆತ ಟೋಕಿಯೊಗೆ ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ಸಾವಿರಾರು ಮಂದಿ ಕಾದು ನಿಂತಿದ್ದರು. ಅವರಂಥವರೇ ಪ್ರವಾಸಿ ಬಸ್ಸುಗಳಲ್ಲಿ ಕೊರಿಯಾದ ನಾಮಿ ದ್ವೀಪಕ್ಕೂ ಬರತೊಡಗಿದರು.

ಸಿಯೋಲ್‌ನಿಂದ ಸುಮಾರು 60 ಕಿ.ಮೀ. ದೂರದ ನಾಮಿ, ಮೊದಲು ನೆರೆ ಬಂದಾಗ ಮಾತ್ರ ನಡುಗಡ್ಡೆಯಾಗುತ್ತಿದ್ದ ನೆಲ. 1940ರ ದಶಕದಲ್ಲಿ ಚಿಯೊಂಗ್‌ಪ್ಯೊಂಗ್ ಅಣೆಕಟ್ಟು ಕಟ್ಟಿದ ಮೇಲೆ ನೀರೇರಿ ಕಾಯಂ ದ್ವೀಪವಾಯಿತು. ದೋಣಿಯಿಂದಿಳಿದವರು ನೇರ ಹೋಗುವುದು ಮೆಟಾಸಿಕೋಯ ಮರಗಳ ಸಾಲಿಗೆ. ಧಾರಾವಾಹಿಯ ಜೋಡಿ ನಡೆದಾಡಿದ್ದು ಅಲ್ಲೇ. ಸೂಜಿ ಎಲೆಯ ಜಾತಿಯಾದರೂ ಈ ಮರ ಚಳಿಗಾಲಕ್ಕೆ ಎಲೆ ಉದುರಿಸುತ್ತದೆ. ಬೇಸಿಗೆಯಲ್ಲಿ ಹಸಿರು ಸುರಂಗ, ನವೆಂಬರಿನಲ್ಲಿ ಇಟ್ಟಿಗೆಗೆಂಪು, ಜನವರಿಯಲ್ಲಿ ಬರಿಯ ಕಾಂಡಗಳು: ಒಂದೇ ಸಾಲು ಮೂರು ಬಗೆಯ ಚಿತ್ರ ಕೊಡುತ್ತದೆ.

ಟಿವಿಯಲ್ಲಿ ಕಂಡಷ್ಟು ದಟ್ಟವಾಗಿ ಈ ಸಾಲು ಕಣ್ಣಿಗೆ ಕಾಣದೆ ಕೆಲವರು ಪೆಚ್ಚಾಗುವುದುಂಟು. ಅದು ಲೆನ್ಸಿನ ಕೈವಾಡ. ದೂರ ನಿಂತು ಟೆಲಿಫೋಟೊ ಲೆನ್ಸಿನಲ್ಲಿ ನೋಡಿದರೆ ಹಿಂದಿನ ಮರ ಮುಂದಿನದಕ್ಕೆ ಅಂಟಿಕೊಂಡಂತೆ ಕಾಣುತ್ತದೆ, ಹಾದಿ ಕಿರಿದಾಗುತ್ತದೆ. ಮೊಬೈಲಿನ ಸಾಮಾನ್ಯ ಕ್ಯಾಮೆರಾದ ಲೆನ್ಸ್ ಅಗಲದ್ದು. ಅದರಲ್ಲಿ ಹತ್ತಿರ ನಿಂತು ತೆಗೆದರೆ ಮರಗಳು ಚದುರಿಹೋಗುತ್ತವೆ. ಸಾಲಿನ ಒಂದು ತುದಿಗೆ ಹೋಗಿ 100 ಮಿ.ಮೀ. ಆಸುಪಾಸಿನ ಲೆನ್ಸ್ ಹಾಕಿ, ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕಿಳಿಸಿದರೆ ಧಾರಾವಾಹಿಯ ಗುಂಗಿಗೆ ಹತ್ತಿರದ ಚಿತ್ರ ಸಿಗುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಹೆಚ್ಚುವರಿ ಬ್ಯಾಟರಿಯನ್ನು ಕೋಟಿನ ಒಳಜೇಬಿನಲ್ಲಿ ಬೆಚ್ಚಗಿಡಬೇಕು. ಹೊರಗಿನ ಕೊರೆತದಿಂದ ಕಾಫಿ ಅಂಗಡಿಯ ಬಿಸಿಗೆ ಬಂದ ಕೂಡಲೇ ಲೆನ್ಸಿನ ಮೇಲೆ ಹನಿ ಕಟ್ಟುತ್ತದೆ, ಆದ್ದರಿಂದ ಕ್ಯಾಮೆರಾ ಸ್ವಲ್ಪ ಹೊತ್ತು ಚೀಲದಲ್ಲೇ ಇದ್ದರೆ ವಾಸಿ.

ಪೂರ್ವ ಕರಾವಳಿಯ ಗಂಗ್‌ನೆಂಗ್ ನಗರದ ಜುಮುಂಜಿನ್ ಬಳಿ ಕಡಲಿಗೆ ಚಾಚಿದ ಮೋಟು ಅಲೆತಡೆಗಳಿವೆ. 2016ರ ಡಿಸೆಂಬರ್‌ನಲ್ಲಿ ‘ಗಾಬ್ಲಿನ್’ ಶುರುವಾಗುವವರೆಗೆ ಅವುಗಳತ್ತ ಪ್ರವಾಸಿಗಳು ತಿರುಗಿ ನೋಡುವಂಥದ್ದೇನೂ ಇರಲಿಲ್ಲ. ಗಾಂಗ್ ಯೂ ಮತ್ತು ಕಿಮ್ ಗೊ-ಉನ್ ಅಲ್ಲಿ ಭೇಟಿಯಾಗುವ ದೃಶ್ಯ ಬಂದದ್ದೇ ತಡ, ಕೆಂಪು ಶಾಲು, ಬಿಳಿ ಹೂಗೊಂಚಲು ಹಿಡಿದವರ ಸಾಲು ಹತ್ತಿತು. ಆ ದೃಶ್ಯವನ್ನು ತದ್ವತ್ ನಕಲು ಮಾಡಿದ ಚಿತ್ರಗಳು ಈಗ ಲೆಕ್ಕವಿಲ್ಲದಷ್ಟಿವೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಜಾಗದ ದಿಕ್ಕು ಗೊತ್ತಿದ್ದವರಿಗೆ ಬೇರೆ ದಾರಿ ಇದೆ. ಕಡಲು ಪೂರ್ವಕ್ಕಿರುವುದರಿಂದ ಸೂರ್ಯ ನೀರಿನ ಮೇಲೆ ಹುಟ್ಟುತ್ತಾನೆ. ಮುಂಜಾನೆ ಅಲೆತಡೆಯ ತುದಿಯಲ್ಲಿ ನಿಂತವರು ಬರಿಯ ಕಪ್ಪು ಆಕೃತಿಯಾಗುತ್ತಾರೆ, ಅಪ್ಪಳಿಸಿ ಚಿಮ್ಮಿದ ನೀರಹನಿ ಹೊಳೆಯುತ್ತದೆ. ಮಧ್ಯಾಹ್ನದ ಮೇಲೆ ಬೆಳಕು ನೆಲದ ಕಡೆಯಿಂದ ಬಂದು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಹೆಚ್ಚಿನವರು ತಲುಪುವುದು ಆ ಹೊತ್ತಿಗೇ.

ಧಾರಾವಾಹಿಯಿಂದ ಒಂದು ಜಾಗಕ್ಕೆ ನಿಜವಾದ ಉಪಕಾರವಾದದ್ದೂ ಉಂಟು. 2022ರ ‘ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ’ ಕಥೆಯಲ್ಲಿ ಒಂದು ಹಳ್ಳಿಯನ್ನು ಸೀಳಿಕೊಂಡು ರಸ್ತೆ ಬರುವುದರಲ್ಲಿದೆ. ಗುಡ್ಡದ ಮೇಲಿನ ಹಳೆಯ ಮರಕ್ಕೆ ನೈಸರ್ಗಿಕ ಸ್ಮಾರಕದ ಮಾನ್ಯತೆ ಸಿಕ್ಕಿ ಹಳ್ಳಿ ಉಳಿಯುತ್ತದೆ. ಚಿತ್ರೀಕರಣ ನಡೆದದ್ದು ಚಾಂಗ್‌ವನ್ ನಗರದಂಚಿನ ದೊಂಗ್ಬು ಎಂಬ ಹಳ್ಳಿಯಲ್ಲಿ. ಅಲ್ಲಿನ ಮರ ಸುಮಾರು 500 ವರ್ಷದ್ದು, 16 ಮೀಟರ್ ಎತ್ತರ, ಕೊರಿಯಾದವರು ಪೆಂಗ್‌ನಮು ಎನ್ನುವ ಜಾತಿ. ಆ ಕಂತುಗಳು ಬಂದದ್ದು ಜುಲೈಯಲ್ಲಿ; ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ಕಾರ ಈ ಮರವನ್ನು ನಿಜವಾಗಿಯೂ ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. ಫೋಟೊ ತೆಗೆಯುವವರಿಗೂ ಇದು ಒಲಿದ ಜಾಗ: ಗುಡ್ಡದ ಬುಡದಿಂದ ನೋಡಿದರೆ ಮರದ ಹಿಂದೆ ಆಕಾಶವೊಂದೇ ಇರುತ್ತದೆ, ಬೇಡದ ತಂತಿ, ಕಟ್ಟಡ ಅಡ್ಡ ಬರುವುದಿಲ್ಲ.

ಎಲ್ಲ ಊರಿಗೂ ಇಂಥ ಅದೃಷ್ಟವಿಲ್ಲ. ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ ಧಾರಾವಾಹಿಯಲ್ಲಿ ನಾಯಕ ಪಿಯಾನೊ ನುಡಿಸುವ ಕಟ್ಟೆ ಸ್ವಿಟ್ಜರ್ಲೆಂಡಿನ ಬ್ರಿಯೆಂಜ್ ಸರೋವರದ ದಡದ ಈಸೆಲ್ಟ್‌ವಾಲ್ಡ್ ಎಂಬ ಪುಟ್ಟ ಹಳ್ಳಿಯಲ್ಲಿದೆ. ಜನಜಂಗುಳಿ ತಾಳಲಾರದೆ 2023ರಲ್ಲಿ ಅಲ್ಲಿ ತಿರುಗುಗೇಟು ಹಾಕಿ, ಕಟ್ಟೆಯ ಮೇಲೆ ಕಾಲಿಡಲು ಐದು ಸ್ವಿಸ್ ಫ್ರಾಂಕ್ ಶುಲ್ಕ ಇಟ್ಟರು. ಸಿಯೋಲ್‌ನ ಬುಕ್‌ಚಾನ್‌ನಲ್ಲಿ ಹಳೆಯ ಹೆಂಚಿನ ಹನೋಕ್ ಮನೆಗಳಲ್ಲಿ ಈಗಲೂ ಸಂಸಾರಗಳಿವೆ. ಬೆಳಗಾಗುವ ಮುಂಚೆ ಬಾಗಿಲ ಮುಂದೆ ಟ್ರೈಪಾಡ್ ಊರುವವರಿಂದ ನಿವಾಸಿಗಳು ಬೇಸತ್ತಿದ್ದರು. 2024ರ ನವೆಂಬರಿನಿಂದ ಅಲ್ಲಿನ ಅತ್ಯಂತ ಜನಪ್ರಿಯ ಓಣಿಗೆ ಪ್ರವಾಸಿಗರ ಪ್ರವೇಶ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ. ಮೀರಿದರೆ 1 ಲಕ್ಷ ವಾನ್ ದಂಡ. ಛಾಯಾಗ್ರಾಹಕರು ಗೊಣಗಬಹುದು, ಆದರೆ ನ್ಯಾಯ ಮನೆಯವರ ಕಡೆಗಿದೆ. ಡಿಸೆಂಬರಿನಲ್ಲಿ ಹೋದರೆ ಅದಕ್ಕೂ ಪರಿಹಾರವುಂಟು: ಆಗ ಸಿಯೋಲ್‌ನಲ್ಲಿ ಸೂರ್ಯ ಮುಳುಗುವುದು ಐದೂಕಾಲರ ಸುಮಾರಿಗೆ, ಹಾಗಾಗಿ ನಾಲ್ಕೂವರೆಯ ಓರೆಬಿಸಿಲು ಸೂರಿನ ಹೆಂಚುಗಳ ಮೇಲೆ ಬೀಳುವುದನ್ನು ನಿಯಮದೊಳಗೇ ಹಿಡಿಯಬಹುದು. ಓಣಿಯ ಮೇಲ್ತುದಿಯಿಂದ ದಕ್ಷಿಣಕ್ಕೆ ನೋಡಿದರೆ ದೂರದ ನಾಮ್‌ಸಾನ್ ಗೋಪುರವೂ ಚಿತ್ರದೊಳಗೆ ಬರುತ್ತದೆ.

ಇತಿಹಾಸದ ಕಥೆಗಳನ್ನು ಮೆಚ್ಚಿದವರಿಗೆ ಅರಮನೆಗಳಿವೆ. ಹದಿನಾರನೆಯ ಶತಮಾನದ ಅರಮನೆಯ ಅಡುಗೆಮನೆ ಮತ್ತು ವೈದ್ಯದ ಸುತ್ತ ಹೆಣೆದ ‘ದೇ ಜಾಂಗ್ ಗಮ್’ ನಮ್ಮಲ್ಲಿ 2000ರ ದಶಕದಲ್ಲೇ ದೂರದರ್ಶನದಲ್ಲಿ ಹಿಂದಿಯಲ್ಲಿ ಬಂದಿತ್ತು. ಸಿಯೋಲ್‌ನ ಗ್ಯೊಂಗ್‌ಬೊಕ್ ಅರಮನೆಗೆ ಸಾಂಪ್ರದಾಯಿಕ ಹನ್‌ಬೊಕ್ ಉಡುಪು ತೊಟ್ಟು ಹೋದರೆ ಟಿಕೆಟ್ ಬೇಕಿಲ್ಲ. ಸುತ್ತಲಿನ ಬೀದಿಗಳಲ್ಲಿ ಅದನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಸಾಲುಗಟ್ಟಿವೆ. ಮಂಗಳವಾರ ಅರಮನೆಗೆ ರಜೆ.

ಗುರುತು ಸಿಗುವಂತೆ ಅಪರಿಚಿತರ ಮುಖ ತೆಗೆದು ಪ್ರಕಟಿಸುವುದನ್ನು ಕೊರಿಯಾದ ಜನ ಸಹಿಸುವುದಿಲ್ಲ, ಕಾನೂನೂ ಅವರ ಪರವಿದೆ. ಕದ್ದು ಫೋಟೊ ತೆಗೆಯುವ ಚಾಳಿಗೆ ಕಡಿವಾಣವೆಂದು, ಅಲ್ಲಿ ಮಾರುವ ಮೊಬೈಲುಗಳಲ್ಲಿ ಶಟರ್ ಸದ್ದು ಬರಲೇಬೇಕೆಂಬ ಉದ್ಯಮ ನಿಯಮ 2004ರಿಂದ ಜಾರಿಯಲ್ಲಿದೆ. ನಡು ಸಿಯೋಲ್‌ನ ಬಹುಭಾಗದಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಧಾರಾವಾಹಿಯಲ್ಲಿ ಮೇಲಿನಿಂದ ತೋರಿಸುವ ನಗರದ ದೀಪಗಳನ್ನು ಹಿಡಿಯಬೇಕೆನ್ನುವವರು ನಾಮ್‌ಸಾನ್ ಗುಡ್ಡವನ್ನೋ ಹಳೆಯ ಕೋಟೆಗೋಡೆ ಹಾದುಹೋಗುವ ನಕ್ಸಾನ್ ಗುಡ್ಡವನ್ನೋ ಹತ್ತುತ್ತಾರೆ.